ಭಾರ ಎತ್ತಿದರೆ ಭಾರ ಇಳಿಯುತ್ತೆ, ಬೀಗರೇ

ಹಲೋ?… ಹಲೋ, ಯಾರು?… ಯಾರು ಮಾತಾಡ್ತಿರೋದು?… ಯಾರೇ ಆಗಿರಿ, ಫೋನ್ ಮಾತ್ರ ಇಡಬೇಡಿ! ನಂಗೆ ಸ್ಕ್ರೀನ್ ಕಾಣ್ತಿಲ್ಲ, ಕೈ ಎರಡೂ ಖಾಲಿ ಇಲ್ಲ, ಗಲ್ಲದಲ್ಲಿ ಒತ್ತಿ ಎತ್ತಿದ್ದೀನಿ. ನೀವು ಇಟ್ರೆ ನಾನು ತಿರುಗಿ ಮಾಡೋಕಾಗಲ್ಲ…

…ಹಾಂ, ಎಸೆನಾಲಿನೇ. ಇನ್ಯಾರು? ದನಿ ಯಾಕೆ ಹೀಗಿದೆ ಅಂದ್ರೆ… ಅದಿರಲಿ, ನೀನು ಯಾರು? ಬುರುಲ್ ತಮ್ಮಾನಾ, ನಮ್ಮ ಭಾಮೈದಾನಾ? ಆಗಿದ್ರೆ ಓಡಿ ಬಾರೋ, ಹಳೇ ಉಣ್ಣೆ ಗೋದಾಮಿಗೆ, ಅದೇ ಮೇಷ್ಟ್ರು ಸಗಿನ್ ಜಿಮ್ ಮಾಡ್ಕೊಂಡಿದ್ದಾರಲ್ಲ, ಅಲ್ಲಿಗೆ. ನಿಂತ ಕಾಲಲ್ಲೇ ಬಾ. ನಾನಿಲ್ಲಿ…

…ಯಾರು?

…ಓ!… ಬೀಗರಾ!… ಅಯ್ಯೋ, ಟೊಕ್ಟೊಬಾಯ್ ಬೀಗರೇ! ಸಲಾಂ, ಸಲಾಂ!… ಇಲ್ಲ ಇಲ್ಲ, ಓಡಿ ಬಾ ಅಂದದ್ದು ನಿಮಗಲ್ಲ. ನೀವ್ಯಾಕೆ ಓಡ್ತೀರಿ? ನಿಮ್ಮಂಥ ತೂಕದ ಮನುಷ್ಯರು ಓಡಬಾರದು, ಭೂಮಿಗೂ ಒಳ್ಳೇದಲ್ಲ…

…ನಮ್ಮನೆಗೆ ಬಂದ್ರಾ? ಆರಾಮಾಗಿ ಕೂತಿದ್ದೀರಾ? ಸಂತೋಷ… ಕ್ಷೇಮ, ಕ್ಷೇಮ. ನೀವು ಕ್ಷೇಮಾನಾ? ಬೀಗಿತ್ತಿ ಕ್ಷೇಮಾನಾ?… ಅಳಿಯಂದ್ರು? ನಮ್ಮ ಮಗಳು ಜಿಬೆಕ್?… ಕುರಿಗಳು?… ಹಾಂ, ನಮ್ಮ ಕುರಿಗಳೂ ಕ್ಷೇಮ… ಹಸುಗಳು?… ಈ ಚಳಿಗಾಲ ಮೇವು ಸಾಕಾಯ್ತಾ?… ಸಾಕಾಯ್ತು, ಸಾಕಾಯ್ತು, ಸಾಕು ಸಾಕಾಯ್ತು… ಅಲ್ಲ, ನಿಮಗೆ ಹೇಳಿದ್ದಲ್ಲ. ಮೇವಿಗೆ ಹೇಳಿದ್ದು.

…ಕುದುರೇನಾ? ನಮ್ಮ ಕಾಶ್ಕಾನೂ ಕ್ಷೇಮ. ಈ ಊರಲ್ಲಿ ಎಲ್ಲರಿಗಿಂತ ಇವತ್ತು ಅದೇ ಕ್ಷೇಮ. ಅದರ ಮೇಲೆ ಯಾವ ಭಾರಾನೂ ಇಲ್ಲವಲ್ಲ!… ಯಾಕೆ ನಗ್ತೀರಿ?

…ಹಾಂ, ಯಾರೋ ನಿಮಗೆ ನಮಸ್ಕಾರ ಮಾಡ್ತಿದ್ದಾರಾ? ಮಾತಾಡಿ, ಮಾತಾಡಿ, ನಿಧಾನಕ್ಕೆ ಮಾತಾಡಿ ಬನ್ನಿ. ನಾನು ಎಲ್ಲಿಗೂ ಹೋಗಲ್ಲ. ಹೋಗೋಕೆ ಸಾಧ್ಯಾನೇ ಇಲ್ಲ…

…ಅಯ್ಯೋ ನನ್ನ ಹಣೇಬರಹವೇ. ಎಂಬತ್ತು ಕಿಲೋ ಕಬ್ಬಿಣ ಎದೆ ಮೇಲೆ ಬಿದ್ದುಕೊಂಡಿದೆ. ಯಾವ ಪುಣ್ಯಾತ್ಮನ ಫೋನಾದ್ರೂ ಬರಲಪ್ಪಾ ಅಂದ್ರೆ ಈ ಪುಣ್ಯಾತ್ಮನದೇ ಬರಬೇಕಾ? ನಾನು ಹೀಗೆ ಬಿದ್ದಿರೋದು ಇವರಿಗೆ ಗೊತ್ತಾದ್ರೆ ಕುದುರೆ ಹೋದ ಹಾಗೇ…

…ಹಾಂ ಬೀಗರೇ, ಇಲ್ಲೇ ಇದ್ದೀನಿ!… ಇಲ್ಲ, ಯಾರ ಜೊತೆಗೂ ಮಾತಾಡ್ತಿರಲಿಲ್ಲ. ಕಬ್ಬಿಣದ ಜೊತೆ.

…ಏದುಸಿರು ಯಾಕೆ ಅಂದ್ರೆ, ವ್ಯಾಯಾಮ… ಮಲಗಿದ್ದೀನಿ… ಹೌದು ಸ್ವಾಮಿ, ಮಲಗೇ ಮಾಡೋದು. ಬೆಂಚಿನ ಮೇಲೆ ಅಂಗಾತ ಮಲಗಿ, ಕಬ್ಬಿಣದ ಸರಳನ್ನ ಎದೆ ತನಕ ಇಳಿಸಿ, ಮತ್ತೆ ಎತ್ತೋದು. ಇಳಿಸೋದು ಬಹಳ ಸುಲಭ. ಇಳಿಸೋದ್ರಲ್ಲಿ ನಂಗೆ ಈಗ ಪೂರ್ತಿ ಪಳಗಿದ ಕೈ.

…ಬಂದೇ ಬರ್ತೀನಿ, ಮರೆತಿಲ್ಲ. ಇವತ್ತೇ, ವಸಂತದ ನೊರೂಜ್ ಹಬ್ಬದ ದಿನ, ಮಧ್ಯಾಹ್ನದ ನಮಾಜ್ ಆದ್ಮೇಲೆ, ಊರವರ ಎದುರಿಗೆ. ಕೊಟ್ಟ ಮಾತು. ಓಡೋ ಕಾಶ್ಕಾ ಮೇಲಿಂದ ಬಗ್ಗಿ, ನೆಲದ ಮೇಲಿನ ಆಡಿನ ಕಳೇಬರ ಎತ್ತಿ ತೊಡೆಗೆ ಸಿಕ್ಕಿಸಿ ತಂದ್ರೆ ಕುದುರೆ ನನ್ನದು. ಆಗಲಿಲ್ಲ ಅಂದ್ರೆ ನಿಮ್ಮದು. ಅದಕ್ಕೇ ಬೆಳಿಗ್ಗೆಯೇ ಬಂದು ಮೈ ಬಿಸಿ ಮಾಡ್ಕೊಳ್ತಿದ್ದೆ. ಈಗ ಪೂರ್ತಿ ಬಿಸಿಯಾಗಿದೆ.

…ಅಯ್ಯೋ, ಮತ್ತೆ ಅದನ್ನ ಯಾಕೆ ನೆನಪಿಸ್ತೀರಿ? ಸುಗ್ಗಿ ಆಟದಲ್ಲಿ ನಾನು ಬಿದ್ದದ್ದು ಇಡೀ ಕಣಿವೆಗೆ ಗೊತ್ತು. ಕುದುರೇದು ತಪ್ಪಿರಲಿಲ್ಲ. ಎಷ್ಟೇ ಜೋರಾಗಿ ಓಡ್ತಿರಲಿ, ನನ್ನ ಬಾಯಿಂದ "ಹೋಪ್" ಅಂತ ಬಂದ್ರೆ ಸಾಕು, ತಟ್ಟನೆ ನಿಂತು ಎಡಗಡೆ ಭುಜ ಬಗ್ಗಿಸುತ್ತೆ, ಸವಾರನ ಕೈ ನೆಲ ಮುಟ್ಟಲಿ ಅಂತ. ಕುದುರೆ ಬಗ್ಗಿತು. ನಾನು ಬಗ್ಗಿದೆ. ಹೊಟ್ಟೆ ಬಗ್ಗಲಿಲ್ಲ.

…ಏನಾಯ್ತು? ಯಾಕೆ ಕೂಗಿದ್ರಿ?… ಕೂತಲ್ಲೇ ವಾಲಿಬಿಟ್ರಾ? ನಮ್ಮನೆ ದಿಂಬುಗಳೇ ಹಾಗೆ, ಬಲು ಮೆತ್ತಗೆ. ಇನ್ನೊಂದು ಹಾಕಿಸಿಕೊಳ್ಳಿ.

…ಹೌದು, ಅವತ್ತು ನೀವು ಎಲ್ಲರೆದುರಿಗೆ ಅಂದ ಮಾತು ನಂಗೆ ನೆನಪಿದೆ. "ಬಗ್ಗಿದಾಗ ಬೀಳೋ ಮನುಷ್ಯನಿಗೆ ಇಂಥಾ ಕುದುರೆ ಯಾಕೆ, ನಂಗೆ ಕೊಡಿ ಬೀಗರೇ" ಅಂದ್ರಿ. ಹೆಣ್ಣು ಕೊಟ್ಟೋನು ನಾನು, ಬಾಯಿಬಿಟ್ಟು ಕೇಳಿದೋರು ನೀವು, ಇಲ್ಲ ಅನ್ನೋ ಹಾಗುಂಟಾ? ವಸಂತದ ತನಕ ಟೈಮ್ ಕೊಡಿ ಅಂತ ಕೇಳಿಕೊಂಡೆ. ಆವತ್ತಿಂದ ಈ ಗೋದಾಮೇ ನನ್ನ ಮನೆ.

…ಆ ಟಕ್ ಟಕ್ ಸದ್ದು ಏನು ಬೀಗರೇ?… ಓ, ಬುರುಲ್ ಶಾವಿಗೆ ಹೆಚ್ಚುತ್ತಿದ್ದಾಳಾ? ಹೆಚ್ಚಲಿ. ಒಂದ್ ನಿಮಿಷ ಫೋನ್ ಅವಳ ಕೈಗೆ ಕೊಡ್ತೀರಾ?… ಏನಿಲ್ಲ, ಮನೆ ವಿಷಯ… ಕೈ ಹಿಟ್ಟಾ? ಕಿವಿ ಹತ್ರ ಹಿಡಿದ್ರೆ ಸಾಕು, ಕಿವಿಗೆ ಹಿಟ್ಟಿರಲ್ಲ… ಆಮೇಲಾ? ಆಯ್ತು. ಆಮೇಲೆ. ನಾನಿದ್ರೆ.

…ಏನು? ನಿಮಗೂ ಹೇಳಿಕೊಡ್ಬೇಕಾ? ಈಗ?… ಫೋನಲ್ಲೇ?… ಡಾಕ್ಟರು ಹೇಳಿದ್ರಾ, ಕೊಬ್ಬು ಇಳಿಸ್ಕೊಳ್ಳಿ ಅಂತ? ಯಾವ ಕೊಬ್ಬು ಅಂತ ಹೇಳಲಿಲ್ವಾ?… ತಮಾಷೆಗೆ ಅಂದೆ ಬೀಗರೇ. ಬೀಗರು ಕೇಳಿದ್ಮೇಲೆ ಹೇಳದೇ ಇರೋಕಾಗುತ್ತಾ? ಎದೆ ಮೇಲೆ ಎಂಬತ್ತು ಕಿಲೋ… ಎಂಬತ್ತು ಕಿಲೋ ಪ್ರೀತಿ ಇದೆ ನಿಮ್ಮ ಮೇಲೆ.

…ಮೊದಲನೇದು ಬಸ್ಕಿ. ಶಾಲೇಲಿ ಹೊಡೆಸ್ತಿದ್ರಲ್ಲ, ಅದೇ, ಆದ್ರೆ ಹೆಗಲ ಮೇಲೆ ಸರಳು ಇಟ್ಕೊಂಡು. ಕುದುರೆ ತಡಿ ಮೇಲೆ ಕೂತು ಏಳೋ ಹಾಗೆ. ತೊಡೆ ಗಟ್ಟಿಯಾದ್ರೆ ಕುದುರೆ ನಿಮ್ಮ ಮಾತು ಕೇಳುತ್ತೆ. ತೊಡೆ ಮೆತ್ತಗಾದ್ರೆ ನೀವು ಕುದುರೆ ಮಾತು ಕೇಳ್ತೀರಿ.

…ಎರಡನೇದು ನಂಗೆ ಬಹಳ ಇಷ್ಟ. ನೆಲದಿಂದ ಎತ್ತೋದು. ಸರಳು ಕಾಲಿಗೆ ಅಂಟಿಕೊಂಡಿರಬೇಕು. ಸೊಂಟದಿಂದ ಬಗ್ಗಬೇಕು, ಬೆನ್ನು ಬಾಗಬಾರದು, ಎದೆ ಮುಂದೆ. ಕೈಯಲ್ಲಿ ಎಳೀಬಾರದು, ಕಾಲಲ್ಲಿ ನೆಲಾನ ಒತ್ತಬೇಕು. ಭೂಮಿಯನ್ನೇ ಕೆಳಗೆ ತಳ್ತೀನಿ ಅಂದುಕೊಳ್ಳಿ. ನೀವು ಈಗಾಗಲೇ ತಳ್ತಾನೇ ಇದ್ದೀರಿ, ಕಷ್ಟವಾಗಲ್ಲ… ನೆನಪಿಟ್ಕೊಳ್ಳಿ ಬೀಗರೇ: ಸೊಂಟದಿಂದ ಬಗ್ಗು, ಬೆನ್ನು ನೇರ. ಇವತ್ತೇ ಬೇಕಾಗಬಹುದು.

…ಆಮೇಲೆ ಒಂದು ಕೈಯಲ್ಲಿ ಪಕ್ಕಕ್ಕೆ ಬಗ್ಗಿ ಮರಳು ಚೀಲ ಎತ್ತೋದು. ಅದು ಆಡಿಗೋಸ್ಕರ. ಆಡಷ್ಟೇ ತೂಕ, ಆಡಷ್ಟೇ ಜಾರುತ್ತೆ, ವಾಸನೆ ಮಾತ್ರ ಕಮ್ಮಿ. ಕೊನೆಗೆ ಚೀಲ ಹೊತ್ಕೊಂಡು ಅಂಗಳದ ಸುತ್ತ ಬಿರುನಡಿಗೆ, ಉಸಿರು ಸಿಗದ ಹಾಗೆ. ಕೊಬ್ಬು ಕರಗೋದು ಅಲ್ಲೇ… ವಾರಕ್ಕೆ ಮೂರು ದಿನ ಸಾಕು. ಐದು ಸಲ ಎತ್ತು, ನೀರು ಕುಡಿ, ಮತ್ತೆ ಐದು ಸಲ. ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗೋದು. ಭಾರ ಎತ್ತಿದ್ರೆ ಭಾರ ಇಳಿಯುತ್ತೆ ಬೀಗರೇ, ಅಷ್ಟೇ ಗುಟ್ಟು… ಈ ಮಲಗಿ ಎತ್ತೋದನ್ನ ಮಾತ್ರ ಒಬ್ರೇ ಇದ್ದಾಗ ಮಾಡಬೇಡಿ. ತಲೆ ಹತ್ರ ಒಬ್ರು ನಿಂತಿರಬೇಕು.

…ನನ್ನ ತಲೆ ಹತ್ರಾನಾ? ಇದ್ದಾರೆ… ಫೋನ್ ಇದೆ.

…ಊಟದ ವಿಷಯ ಕೇಳಬೇಡಿ, ಅದರಲ್ಲಿ ನಿಮ್ಮದೂ ಪಾಲಿದೆ! ನಾನು ಬೇಯಿಸಿದ ಮಾಂಸ, ಮೊಸರು, ಮೊಟ್ಟೆ ಅಂತ ಕಟ್ಟುನಿಟ್ಟಾಗಿದ್ದೆ. ಕರಿದ ಬೋರ್ಸಕ್ ಮುಟ್ಟಿರಲಿಲ್ಲ. ಸಂಬಂಧ ನೆನೆಸ್ಕೊಳ್ಳೋಣ ಅಂತ ನೀವು ಬಂದ್ರಿ, ಕುರಿಬಾಲದ ಕೊಬ್ಬನ್ನ ಅಂಗೈ ತುಂಬ ತಗೊಂಡು ನೀವೇ ನನ್ನ ಬಾಯಿಗೆ ತುರುಕಿದ್ರಿ. ಬೀಗರ ಕೈ ತುತ್ತು ಉಗಿಯೋಕಾಗುತ್ತಾ? ನುಂಗಿದೆ. ಎರಡು ವಾರದ ಬಸ್ಕಿ ಒಂದೇ ತುತ್ತಿಗೆ ಸ್ವಾಹಾ. ನೀವು ಬೇಕಂತಲೇ ಮಾಡಿದ್ದಲ್ವಾ?… ಅಲ್ವಾ?

…ಬೀಗರೇ… ಬೀಗರೇ, ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಉಸಿರು ಹಿಡೀತಿದೆ. ನಾನು ಸಿಕ್ಕಿಹಾಕ್ಕೊಂಡಿದ್ದೀನಿ… ಸರಳಿನ ಕೆಳಗೆ. ಬೆಂಚಿನ ಮೇಲೆ. ಐದನೇ ಸಲ ಎತ್ತೋವಾಗ ಕೈ ಸೋತು ಎದೆ ಮೇಲೆ ಕೂತುಬಿಟ್ಟಿದೆ… ನಗಬೇಡಿ! ನೀವು ನಕ್ರೆ ನಂಗೂ ನಗು ಬರುತ್ತೆ, ನಕ್ರೆ ಉಸಿರು ಹೋಗುತ್ತೆ.

…ಹೊಟ್ಟೆ ಕಡೆ ಉರುಳಿಸಿ ನೋಡಿದೆ ಸ್ವಾಮಿ. ತೊಡೆ ತನಕ ಉರುಳಿಸಿ ಎದ್ದು ಕೂರಬಹುದು ಅಂತ ಸಗಿನ್ ಮೇಷ್ಟ್ರೇ ಹೇಳಿದ್ರು. ಆದ್ರೆ ಎದೆ ಮುಗಿದ ಕೂಡ್ಲೇ ಹೊಟ್ಟೆಯ ಏರು ಶುರು. ಮಧ್ಯದ ಕಣಿವೇಲಿ ನಿಂತಿದೆ. ಆ ಏರಿಗೆ ಅರ್ಧ ಕಾರಣ ನಿಮ್ಮ ಕುರಿಬಾಲ.

…ಅದೇ ಅಲ್ವಾ ನನ್ನ ಬುದ್ಧಿವಂತಿಕೆ! ಒಂದು ಕಡೆ ವಾಲಿಸಿದ್ರೆ ತುದಿಯ ತೂಕದ ಬಿಲ್ಲೆಗಳು ಜಾರಿ ಬಿದ್ದು ಹಗುರವಾಗುತ್ತಿತ್ತು. ಆದ್ರೆ ಬಿಲ್ಲೆ ಹಿಡಿಯೋ ತಿರುಪು ಕಳೆದುಹೋಗಿತ್ತು. ನಾನು ಸುಮ್ನಿರ್ತೀನಾ? ಆಡು ಜಾರದ ಹಾಗೆ ತಡಿಗೆ ಹೇಗೆ ಬಿಗೀತೀವೋ ಹಾಗೇ, ಹಸಿ ತೊಗಲಿನ ಪಟ್ಟಿ ಸುತ್ತಿ, ನಮ್ಮಪ್ಪ ಕಲಿಸಿದ ಗಂಟು ಹಾಕಿದೆ. ಒಲೆ ಪಕ್ಕ ತೊಗಲು ಒಣಗಿತು. ಈಗ ಅದು ಗಂಟಲ್ಲ, ಬೀಗ. ಬೀಗದ ಕೈ ಎಲ್ಲಿ ಅಂತ ಹುಡುಕ್ತಿದ್ದೆ, ಬೀಗರ ಫೋನ್ ಬಂತು.

…ಮೇಷ್ಟ್ರು ಇಲ್ಲ. ಊರಲ್ಲಿರೋರೆಲ್ಲ ಮೈದಾನದಲ್ಲಿ ಸುಮೊಲೊಕ್ ಪಾಯಸದ ಕೊಪ್ಪರಿಗೆ ಸುತ್ತ ಕುಣೀತಿದ್ದಾರೆ. ಅಕಾರ್ಡಿಯನ್ ಸದ್ದು ಇಲ್ಲಿಗೆ ಕೇಳ್ತಿದೆ, ನನ್ನ ಕೂಗು ಅಲ್ಲಿಗೆ ಕೇಳಲ್ಲ. ದಯವಿಟ್ಟು ಬುರುಲ್‌ಗೆ ಹೇಳಿ, ಗುಟ್ಟಾಗಿ ಅವಳ ತಮ್ಮನ್ನ ಕಳಿಸಲಿ… ನೀವು ನಮ್ಮನೇಲಿ ಇಲ್ವಾ?… ಹೊರಟುಬಿಟ್ರಾ? ಯಾವಾಗ? ಊಟ?… ಅಯ್ಯಯ್ಯೋ. ಮತ್ತೆ ಶಾವಿಗೆ ಹೆಚ್ಚೋ ಸದ್ದು?… ಅದು ಶಾವಿಗೆ ಅಲ್ವಾ?

…ಮತ್ತೇನು?

…ಬೀಗರೇ, ಯಾವ ಕುದುರೆ ಗೊರಸು ಅದು?

…

…ಅವಳು ಕೊಟ್ಟಳಾ? ಬುರುಲ್ ಕೊಟ್ಟಳಾ?… ಹಾಂ… ಹಾಂ… ಹೌದು. ಹಬ್ಬದ ದಿನ ಬೀಗರು ಬಾಗಿಲಿಗೆ ಬಂದಾಗ ಮನೆ ಯಜಮಾನ ಎದುರುಗೊಳ್ಳಲಿಲ್ಲ ಅಂದ್ರೆ ಅವಮಾನವೇ. ಒಪ್ತೀನಿ. ಅವಳು ಹೆಂಗಸು, ಒಬ್ಬಳೇ, ನಾಚಿಕೆಗೆ ಸತ್ತುಹೋಗಿರ್ತಾಳೆ. ನಿಮಗೆ ಚಪಾನ್ ನಿಲುವಂಗಿ ತೊಡಿಸಿ, ಕುದುರೆ ಹತ್ತಿಸಿ, ತಪ್ಪು ಕಾಣಿಕೆ ಅಂತ… ನಮ್ಮಲ್ಲಿ ಹಾಗೇ ಮಾಡೋದು. ಆದ್ರೆ ಕಾಶ್ಕಾನೇ ಕೊಡಬೇಕಾ? ಮುದಿ ಬೂದು ಕುದುರೆ ಇರಲಿಲ್ವಾ?… ನೀವೇ ಬೆರಳು ತೋರಿಸಿದ್ರಾ. ಭೇಷ್.

…ಅಂದ್ರೆ ಕುದುರೆ ಉಳಿಸ್ಕೊಳ್ಳೋಕೆ ನಾನಿಲ್ಲಿ ಮಲಗಿದ್ದೆ. ಮಲಗಿದ್ದಕ್ಕೇ ಅಲ್ಲಿ ಕುದುರೆ ಹೋಯ್ತು. ಆವಾಗಿಂದ ಅದರ ಮೇಲೇ ಕೂತ್ಕೊಂಡು ಅದರ ಕ್ಷೇಮ ವಿಚಾರಿಸ್ತಿದ್ರಾ! ಅದರ ಮೇಲೆ ಯಾವ ಭಾರಾನೂ ಇಲ್ಲ ಅಂತ ನಾನು ಬೇರೆ…

…ಎಲ್ಲಿದ್ದೀರಿ ಈಗ?… ಗೋದಾಮಿನ ಮುಂದೇನಾ? ಹಾಂ, ಹಾಂ, ನಿಮ್ಮ ದನಿ ಫೋನಲ್ಲೂ ಬರ್ತಿದೆ, ಬಾಗಿಲ ಸಂದೀಲೂ ಬರ್ತಿದೆ! ದೇವರು ದೊಡ್ಡವನು. ಬಾಗಿಲು ಬರೀ ಮುಂದಕ್ಕೆ ಎಳೆದಿದೆ. ಇಳಿದು ತಳ್ಳಿ ಬನ್ನಿ, ಇಳೀರಿ ಇಳೀರಿ, ಜಗಳ ಆಮೇಲೆ ಆಡೋಣ.

…ಏನು? ನಾನು ಬಂದು ಲಗಾಮು ಹಿಡೀಬೇಕಾ?

…ಬೀಗರೇ, ಸಂಪ್ರದಾಯ ನಂಗೂ ಗೊತ್ತು. ಆತಿಥ್ಯದವನು ಲಗಾಮು ಹಿಡಿದು, ರಟ್ಟೆಗೆ ಕೈ ಕೊಟ್ಟು ಬೀಗರನ್ನ ಇಳಿಸ್ಬೇಕು. ಆದ್ರೆ ಆತಿಥ್ಯದವನು ಸದ್ಯಕ್ಕೆ ಬಿಡುವಾಗಿಲ್ಲ. ಅವನನ್ನ ಮೊದಲು ಯಾರಾದ್ರೂ ಎತ್ತಬೇಕು… ಯಾರೂ ನೋಡ್ತಿಲ್ಲ, ಒಂದ್ಸಲ ನೀವೇ ಇಳೀರಿ… ಗೌರವ ಅಲ್ವಾ? ಮತ್ತೇನು?… ಸ್ವಲ್ಪ ಗಟ್ಟಿಯಾಗಿ ಹೇಳಿ… ಆಗೋದಿಲ್ವಾ?… ಹತ್ತಿಸೋಕೆ ಎಷ್ಟು ಜನ ಬೇಕಾಯ್ತು?… ಮೂರು ಜನ, ಒಂದು ಸ್ಟೂಲು!

…ನಗ್ತಿಲ್ಲ. ಕಬ್ಬಿಣ ನಗಿಸ್ತಿದೆ.

…ಸರಿ. ನಾನು ಕೆಳಗಿಂದ ಮೇಲೇಳೋಕಾಗಲ್ಲ, ನೀವು ಮೇಲಿಂದ ಕೆಳಗಿಳಿಯೋಕಾಗಲ್ಲ. ನಡುವೆ ಒಂದು ಬಾಗಿಲು. ಇಂಥಾ ಬೀಗತನ ಈ ಕಣಿವೇಲಿ ಇನ್ನೊಂದಿಲ್ಲ.

…ಮೈದಾನಕ್ಕಾ? ಬೇಡ! ಬೇಡ ಬೀಗರೇ, ಜನ ಕರೀಬೇಡಿ! ಇಡೀ ಊರು ಅಕಾರ್ಡಿಯನ್ ಸಮೇತ ಬಂದು ನೋಡುತ್ತೆ. ಸುಗ್ಗೀಲಿ ಬಿದ್ದೋನು ವಸಂತದಲ್ಲೂ ಏಳಲಿಲ್ಲ ಅಂತ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೇಳ್ತಾರೆ. ನಿಮ್ಮ ಮೊಮ್ಮಕ್ಕಳೂ ಅವರೇ, ನೆನಪಿರಲಿ!

…ಏನು ಒಪ್ಕೋಬೇಕು?… ಎಲ್ಲರ ಎದುರಿಗೆ, ನಾನೇ ಮನಸಾರೆ ಕೊಟ್ಟೆ ಅಂತ? ಪಂದ್ಯ ಬೇಡ ಅಂತ?… ಒಪ್ಕೊಂಡ್ರೆ ಗುಟ್ಟಾಗಿ ಇಬ್ರನ್ನ ಮಾತ್ರ ಕರ್ಕೊಂಡು ಬರ್ತೀರಾ? ಇಲ್ಲ ಅಂದ್ರೆ ಊರೆಲ್ಲಾನಾ?… ಹೀಗೆ ಎದೆ ಮೇಲೆ ಕೂತು ಕೇಳ್ತೀರಲ್ಲ. ಎಂಬತ್ತು ಕಿಲೋ ಇದ್ದದ್ದು ಈಗ ಇನ್ನೂರಾಯ್ತು.

…ಆ ಕುದುರೆ ಮರಿಯಾಗಿದ್ದಾಗ ನನ್ನ ಕೋಟಿನೊಳಗೆ ಹಾಕ್ಕೊಂಡು ಮಲಗಿಸಿದ್ದೀನಿ ಬೀಗರೇ. ಹಿಮ ಬಿದ್ದ ವರ್ಷ. ಅದರಮ್ಮ ಸತ್ತಿತ್ತು… ನಿಮಗೆ ಗೊತ್ತು. ಗೊತ್ತಿದ್ದೂ ಕೇಳಿದ್ರಿ.

…ಏನದು ಬೀಪ್ ಬೀಪ್? ನಿಮ್ಮ ಬ್ಯಾಟರೀನಾ? ಈಗಲೇನಾ?… ಆಯ್ತು. ಆಯ್ತು ಬೀಗರೇ. ಗೆದ್ರಿ. ಒಂದೇ ಒಂದು ಆಸೆ ನಡೆಸಿಕೊಡಿ. ಫೋನನ್ನ ಸ್ಪೀಕರಿಗೆ ಹಾಕಿ, ಕಾಶ್ಕಾನ ಕಿವಿ ಹತ್ರ ಹಿಡೀರಿ. ಹೋಗಿ ಬಾ ಮಗನೇ ಅಂತ ಒಂದು ಮಾತು ಹೇಳ್ಕೊಳ್ತೀನಿ. ಅಷ್ಟೇ… ನೀವೂ ಕುದುರೆ ಸಾಕಿದೋರೇ, ನಿಮಗೆ ಅರ್ಥ ಆಗುತ್ತೆ… ಹಿಡಿದ್ರಾ?… ಎಡಗಿವಿಗೆ ಹಿಡೀರಿ, ಬಲಗಿವಿ ಸ್ವಲ್ಪ ಮಂದ. ಅಲ್ಲೇ ಪಕ್ಕದಲ್ಲಿ ಹಿಮದ ಗುಡ್ಡೆ ಇರಬೇಕಲ್ಲ, ಮೇಷ್ಟ್ರು ಸಲಿಕೇಲಿ ಒಟ್ಟಿದ್ದು?… ಅದೂ ಎಡಗಡೆಗೇ ಇದೆಯಾ? ಏನಿಲ್ಲ, ಸುಮ್ನೆ ಕೇಳಿದೆ…

…ಕಾಶ್ಕಾ… ಕುರೂ, ಕುರೂ, ಕುರೂ… ನಾನು ಕಣೋ… ಹಾಂ, ಕೇಳಿಸ್ತಿದೆ ನಿನ್ನ ಉಸಿರು… ಜಾಣಮರಿ…

…ಹೋಪ್!

…

…ಬೀಗರೇ?… ಬೀಗರೇ! ಹಲೋ! ಇಳಿದ್ರಾ?… ಹಿಮದ ಗುಡ್ಡೆ ಮೇಲೇ ತಾನೇ?… ಏಟಾಯ್ತಾ?… ಚಪಾನ್ ಒಳಗೆ ಹಿಮ ಹೋಯ್ತಾ? ಅಷ್ಟೇ ಅಲ್ವಾ?… ಬೈಯಿರಿ, ಬೈಯಿರಿ, ಇಷ್ಟು ಜೋರಾಗಿ ಬೈಯೋ ಮನುಷ್ಯನಿಗೆ ಮೂಳೆ ಮುರಿದಿರೋಕೆ ಸಾಧ್ಯವಿಲ್ಲ. ಅತಿಥಿಯನ್ನ ಇಳಿಸೋದು ಆತಿಥ್ಯದವನ ಧರ್ಮ ಅಂದ್ರಿ, ಮಲಗಿದ್ದಲ್ಲಿಂದಲೇ ಇಳಿಸಿದ್ದೀನಿ.

…ಇನ್ನೊಂದು ವಿಷಯ. ಬಗ್ಗಿದಾಗ ಬೀಳೋ ಮನುಷ್ಯನಿಗೆ ಇಂಥಾ ಕುದುರೆ ಯಾಕೆ, ಅಂತ ಯಾರೋ ಅಂದಿದ್ರಲ್ಲ, ಯಾರದು?… ಯಾರು ಬೀಗರೇ?… ಗಟ್ಟಿಯಾಗಿ ಹೇಳಬೇಡಿ, ಊರಿಗೆ ಕೇಳಿಸೀತು.

…ಹಾಂ, ಬಾಗಿಲು ತಳ್ಳಿ. ಹಾಂ. ಬನ್ನಿ… ಸಲಾಂ. ಎದುರಿಗೆ ನಿಂತು ಇನ್ನೂ ಯಾಕೆ ಫೋನಲ್ಲೇ ಮಾತಾಡ್ತೀರಿ? ನಿಮ್ಮ ಮೀಸೇಲಿ ಹಿಮ ಇದೆ… ಹಾಗೆ ನೋಡಬೇಡಿ, ಇಬ್ಬರಲ್ಲಿ ಯಾರೂ ಚೆನ್ನಾಗಿ ಕಾಣ್ತಿಲ್ಲ.

…ಸರಳು ಹಿಡ್ಕೊಂಡು ನಿಂತ್ರಾಗಲ್ಲ, ಎತ್ತಬೇಕು… ಮೊದಲು ಕುದುರೆ ಮಾತಾ? ಆಯ್ತು ಕೇಳಿ. ಪಂದ್ಯ ನಡೀಲಿ. ನೀವು ಎತ್ತಿ ಬಿಡ್ತೀರಿ, ನಾನು ಅಲ್ಲೇ ಕಾಶ್ಕಾ ಹತ್ತಿ ಮೈದಾನಕ್ಕೆ ಹೋಗ್ತೀನಿ. ಆಡನ್ನ ಎತ್ತಿದ್ರೆ ಕುದುರೆ ನನ್ನದು, ಚಪಾನ್ ನಿಮ್ಮದು. ಎತ್ತದಿದ್ರೆ ಕುದುರೆ, ಚಪಾನ್ ಎರಡೂ ನಿಮ್ಮದು, ಜೊತೆಗೆ ಇಳಿಯೋಕೆ ಸ್ಟೂಲನ್ನೂ ಕೊಡ್ತೀನಿ. ನೀವು ಹಿಮದಲ್ಲಿ ಮಲಗಿದ್ದು ನಾನು ನೋಡಿಲ್ಲ. ನಾನು ಬೆಂಚಿನ ಮೇಲೆ ಮಲಗಿದ್ದು ನೀವು ನೋಡಿಲ್ಲ… ಸರೀನಾ?… ತಲೆ ಆಡಿಸಿದ್ರೆ ಸಾಲದು. ಬಾಯಲ್ಲಿ ಹೇಳಿ… ಹಾಂ. ಇನ್ನೊಂದ್ಸಲ… ಹಾಂ, ಹಾಗೆ.

…ಬನ್ನಿ. ತಲೆ ಹತ್ರ ನಿಲ್ಲಿ. ಕಾಲು ಅಗಲ. ಸೊಂಟದಿಂದ ಬಗ್ಗಿ. ಬೆನ್ನು ನೇರ, ಬೀಗರೇ, ನೇರ, ಈಗ ತಾನೇ ಹೇಳಿಕೊಟ್ನಲ್ಲ! ಕಾಲಲ್ಲಿ ನೆಲ ಒತ್ತಿ. ಇದೇ ನಿಮ್ಮ ಮೊದಲನೇ ಪಾಠ. ಎಂಬತ್ತರಿಂದ ಶುರು ಮಾಡೋ ಶಿಷ್ಯ ಮೇಷ್ಟ್ರಿಗೂ ಸಿಕ್ಕಿಲ್ಲ.

…ಒಂದು ಕೈಯಲ್ಲಿ ಆಗಲ್ಲ. ಫೋನ್ ಇಡಿ… ಬೀಗರೇ, ಎರಡೂ ಕೈ ಬೇಕು. ಇಡಬೇಡಿ ಇಡಬೇಡಿ ಅಂತ ಬಡ್ಕೊಳ್ತಿದ್ದೋನು ನಾನೇ ಹೇಳ್ತಿದ್ದೀನಿ, ಇಡ್ರೀ ಫೋನ್, ಎತ್ರೀ ಭಾ—